ನಾಲ್ಕನೆಯ ತೊಲೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ನನ್ನ ಜ್ಞಾಪಕಶಕ್ತಿ ಕಾರಣವಲ್ಲ. ನಮ್ಮ ಸರ್ವೆ ಫಾರಂನ ಮೇಲ್ಭಾಗದಲ್ಲಿ ವೇಳೆ ಬರೆಯಲು ಒಂದು ಖಾನೆ ಇತ್ತು. ಅದರಲ್ಲಿ ನನ್ನದೇ ಕೈಬರಹದ ಅಂಕಿಗಳಿವೆ. ಆಗ ನಾನು ನ್ಯೂಜೆರ್ಸಿಯ ಹಿಲ್ಸ್‌ಬರೋದ ಒಂದು ಹಳೆಯ ಬಾರ್ನಿನೊಳಗೆ ಏಣಿಯ ಮೇಲೆ ನಿಂತಿದ್ದೆ. ಬಾರ್ನ್ ಎಂದರೆ ಹುಲ್ಲು, ಧಾನ್ಯ, ದನ ಎಲ್ಲವೂ ಒಂದೇ ಸೂರಿನಡಿ ಇರುವ ದೊಡ್ಡ ಮರದ ಕಟ್ಟಡ. ಅದರ ಐದು ಅಡ್ಡತೊಲೆಗಳಲ್ಲಿ ಬಾಗಿಲಿನಿಂದ ನಾಲ್ಕನೆಯದರ ತುದಿಗೆ ಜೇಬಿನ ಸಣ್ಣ ಸ್ಕ್ರೂಡ್ರೈವರನ್ನು ಒತ್ತಿದೆ. ಓಕ್ ಮರ, ಮೊನೆ ಕೂಡ ಇಳಿಯಬಾರದು. ಹಿಡಿಯವರೆಗೂ ಹೋಯಿತು, ಕಳಿತ ಹಲಸಿಗೆ ಚಾಕು ಹೋದ ಹಾಗೆ. ಹೊರಗೆ ತೆಗೆದಾಗ ನನ್ನ ಮುಂಗೈ ಮೇಲೆ ಹಳದಿ ಹುಡಿ ಉದುರಿತು.

ಏಣಿಯನ್ನು ಹಿಡಿದು ಕೆಳಗೆ ನಿಂತಿದ್ದ ಯಜಮಾನರಿಗೆ ಇದು ಕಾಣಿಸಲಿಲ್ಲ. ಎಂಬತ್ತರ ಹತ್ತಿರದ ಮನುಷ್ಯ. ಅವರು ಮೇಲೆ ನೋಡಿ ಕೇಳಿದರು:

"ಶನಿವಾರ ಇಲ್ಲೇ ಮೇಲೆ ಹಲಗೆ ಹಾಸಿ ವಾದ್ಯದವರನ್ನ ಕೂರಿಸೋಣ ಅಂತಿದೀನಿ. ಮೂರು ಜನ. ತಡೆಯುತ್ತೆ ತಾನೆ? ನೀವು ಎಂಜಿನಿಯರು, ನೀವು ಹೇಳಿದರೆ ಆಯಿತು."

ಶನಿವಾರ ಅವರ ಮೊಮ್ಮಗಳ ಮದುವೆ.

"ಇನ್ನೂ ನೂರು ವರ್ಷ ಇರುತ್ತೆ," ಅಂದೆ.

ನಾನು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವನು. ಅರವತ್ತರ ದಶಕದ ಕೊನೆಯಲ್ಲಿ ಎಂ.ಎಸ್. ಮಾಡಲು ಬಂದು, ಆಮೇಲೆ ಸೇತುವೆಗಳ ನಕ್ಷೆ ಮಾಡುವ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕದ ನಡುವೆ ಎಲ್ಲೆಡೆ ಕೆಲಸ ಕಡಿಮೆಯಾದಾಗ ನನ್ನನ್ನೂ ಲೇ-ಆಫ್ ಮಾಡಿದರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಧಾರವಾಡದವಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಹ್ಯಾರಿಸನ್‌ನಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆವು. ಆಗ ಅಲ್ಲಿದ್ದದ್ದು ಬರೀ ಫ್ಯಾಕ್ಟರಿಗಳು. ಕಿಟಕಿ ತೆರೆದರೆ ಮಸಿ.

ಆ ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವ ಕಾಲ ಹತ್ತಿರ ಬರುತ್ತಿತ್ತು. ತಮ್ಮಲ್ಲಿ ಹಳೆಯ ಮನೆ, ಹೊಲಮನೆ, ಚರ್ಚು ಯಾವುವು ಉಳಿದಿವೆ, ಎಂಥ ಸ್ಥಿತಿಯಲ್ಲಿವೆ ಅನ್ನುವ ಪಟ್ಟಿ ಕೌಂಟಿಯವರಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಬೇಕಾಗಿತ್ತು. ಆ ಕೆಲಸ ಹೊತ್ತಿದ್ದವರು ರಿಟೈರ್ ಆದ ಒಬ್ಬ ಸ್ಕೂಲ್ ಟೀಚರು, ಅರವತ್ತೆಂಟು ವರ್ಷದ ಅವಿವಾಹಿತೆ. ಅವರಿಗೆ ಕಟ್ಟಡಗಳ ಕಥೆಯೆಲ್ಲ ಗೊತ್ತಿತ್ತು, ಮರ ಕಲ್ಲುಗಳ ವಿಷಯ ಗೊತ್ತಿರಲಿಲ್ಲ. ಅದಕ್ಕೆ ಒಬ್ಬ ಎಂಜಿನಿಯರ್ ಬೇಕಾಗಿದ್ದ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಆದರೆ ಬೇಸಿಗೆಯಿಡೀ ಕೆಲಸ.

ನಾನು ನೆವಾರ್ಕಿನಿಂದ ರೈಲಿನಲ್ಲಿ ಸಾಮರ್‌ವಿಲ್‌ವರೆಗೆ ಹೋಗುತ್ತಿದ್ದೆ. ಸ್ಟೇಷನ್ನಿನ ಹೊರಗೆ ಟೀಚರು ತಮ್ಮ ಉದ್ದನೆಯ ಕಾರಿನಲ್ಲಿ ಕಾಯುತ್ತಿರುತ್ತಿದ್ದರು. "ಡ್ರೈವ್ ಮಾಡೋದು ನಾನು, ಏಣಿ ಹತ್ತೋದು ನೀವು, ಜಗಳ ಇಬ್ಬರದ್ದೂ," ಎಂದು ಮೊದಲ ದಿನವೇ ಹೇಳಿದ್ದರು. ಜಗಳವೆಂದರೆ ಕಟ್ಟಡದ ವಯಸ್ಸಿನ ಬಗ್ಗೆ. ಮನೆಯವರು ಯಾವಾಗಲೂ ಐವತ್ತು ವರ್ಷ ಹೆಚ್ಚಿಗೆ ಹೇಳುವರು. ಟೀಚರು ಅದನ್ನು ನಂಬುವರು. ನಾನು ಮೊಳೆ ಯಾವ ಕಾಲದ್ದೆಂದು ನೋಡಿ ಕಡಿಮೆ ಮಾಡುವೆ.

ಆ ಬೇಸಿಗೆ ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಸೇರಬೇಕಿತ್ತು. ಸೇತುವೆಯ ಆಫೀಸಿನಲ್ಲಿ ನಾನು ನೋಡಿದ್ದೆಲ್ಲ ಕಾಗದ. ಇಲ್ಲಿ ಕೈಯಿಂದ ಮುಟ್ಟಬಹುದಾಗಿತ್ತು. ಡಚ್ಚರು ಕಟ್ಟಿದ ಮನೆಗಳ ಬಾಗಿಲು ಸೊಂಟದ ಎತ್ತರದಲ್ಲಿ ಎರಡಾಗಿ ತೆರೆಯುತ್ತದೆ. ಮೇಲಿನ ಅರ್ಧ ಬೆಳಕಿಗೆ, ಕೆಳಗಿನ ಅರ್ಧ ಕೋಳಿಗಳನ್ನು ತಡೆಯಲಿಕ್ಕೆ. ಒಬ್ಬ ಮನುಷ್ಯ ತಲೆ ಬಗ್ಗಿಸದೆ ನಿಲ್ಲಬಹುದಾದ ಒಲೆಗೂಡುಗಳಿದ್ದವು. ಚರ್ಚುಗಳು ಬಿಳಿಯ ಹಲಗೆಯವು, ಒಳಗೆ ಚಿತ್ರವಿಲ್ಲ, ವಿಗ್ರಹವಿಲ್ಲ. ಬೆಂಚುಗಳಿಗೆ ಪುಟ್ಟ ಬಾಗಿಲು, ಬಾಗಿಲಿಗೆ ನಂಬರು, ಒಂದೊಂದು ನಂಬರಿಗೂ ತಲೆತಲಾಂತರದಿಂದ ಒಂದೊಂದು ಮನೆತನ. ಹೊರಗೆ ಕೆಂಪು ಕಲ್ಲಿನ ಸಮಾಧಿಗಳು. ಅಕ್ಷರ ಸವೆದಿದ್ದರೆ ಟೀಚರು ಬೆರಳಾಡಿಸಿ ಓದುತ್ತಿದ್ದರು. ರಸ್ತೆಯಾಚೆ ಜೋಳದ ಹೊಲ, ಅದರಾಚೆ ಹೊಸ ಬಡಾವಣೆ ಬರುತ್ತದೆಂದು ಸಾರುವ ಬೋರ್ಡು. ನಾವು ಬರೆದುಕೊಂಡ ಕೆಲವು ಹೊಲಮನೆಗಳು ಫಾರಂ ಟೈಪಾಗುವ ಮೊದಲೇ ನೆಲಸಮವಾದವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಬಾರ್ನುಗಳು. ಒಳಗೆ ನಿಂತರೆ ದೇವಸ್ಥಾನದ ನವರಂಗದಲ್ಲಿ ನಿಂತ ಹಾಗೆ. ಎರಡು ಸಾಲು ಕಂಬ. ಕಂಬದಿಂದ ಕಂಬಕ್ಕೆ ನಡುಮಟ್ಟದಲ್ಲಿ ಒಂದು ಭಾರಿ ತೊಲೆ. ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಂಬದ ತೂತಿನಲ್ಲಿ ತೂರಿಸಿ, ಆಚೆ ಬದಿಯಲ್ಲಿ ಮರದ ಬೆಣೆ ಹೊಡೆದಿರುತ್ತಾರೆ. ಒಂದು ಕಬ್ಬಿಣದ ಮೊಳೆಯೂ ಇಲ್ಲ. ಇಡೀ ಭಾರ ಆ ನಾಲಗೆಯ ಮೇಲೆ. ನಾಲ್ಕನೆಯ ತೊಲೆಯ ನಾಲಗೆಯ ನೇರಕ್ಕೆ ಮೇಲೆ ಸೂರು ಯಾವ ಕಾಲದಲ್ಲೋ ಸೋರಿತ್ತು. ನೀರು ಇಳಿದಲ್ಲಿ ಮರ ಮೆತ್ತಗಾಗಿ, ಮೆತ್ತಗಾದಲ್ಲಿ ಹುಳು ಸೇರಿ, ಒಳಗೆಲ್ಲ ಕುಟ್ಟೆ ಹಿಡಿದಿತ್ತು. ಹೊರಗಿನಿಂದ ನೋಡಿದರೆ ನುಣುಪು.

ಇಷ್ಟೆಲ್ಲ ಗೊತ್ತಿದ್ದವನು ನೂರು ವರ್ಷ ಇರುತ್ತದೆಂದು ಯಾಕೆ ಹೇಳಿದ?

ನಮ್ಮ ಮನೆಯಲ್ಲಿ ಮಾತಿಗೆ ಕಾವಲಿತ್ತು. ಅಕ್ಕಿ ಮುಗಿಯಿತು ಎನ್ನುವ ಹಾಗಿಲ್ಲ, ಅಕ್ಕಿ ತುಂಬಿದೆ ಎನ್ನಬೇಕು. ಬಳೆ ಒಡೆಯಿತು ಎನ್ನುವ ಹಾಗಿಲ್ಲ, ಬಳೆ ಹೆಚ್ಚಿತು. ಮದುವೆಯ ಮನೆಯಲ್ಲಂತೂ ಮುರಿಯುವುದು, ಬೀಳುವುದು, ಸುಡುವುದು ಯಾವ ಮಾತೂ ಹೊರಡಕೂಡದು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನೀನು ಕೆಟ್ಟದ್ದು ನುಡಿದ ಗಳಿಗೆಯಲ್ಲೇ 'ಅಸ್ತು' ಅಂದುಬಿಡುತ್ತಾರೆ ಎಂದು ಅಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಆ ಗುರುವಾರ ಬಾರ್ನಿನ ನೆಲ ಗುಡಿಸಿ ನೀರು ಹಾಕಿದ್ದರು. ಕಂಬಗಳಿಗೆ ಬಿಳಿ ರಿಬ್ಬನ್ ಸುತ್ತಿತ್ತು. ಮುದುಕರು ಮೊಮ್ಮಗಳ ಮದುವೆಯ ಮಾತೆತ್ತಿದರು; ಹೇಳಬೇಕಾದ ಮಾತು ನನ್ನ ನಾಲಗೆಯ ಮೇಲಿತ್ತು, 'ಇದು ಬೀಳುತ್ತೆ.' ಅದನ್ನು ನುಂಗಿ, ನಮ್ಮ ಕಡೆ ಹಿರಿಯರು ಚಪ್ಪರದಡಿ ನಿಂತು ಹೇಳುವಂಥದ್ದನ್ನು ಹೇಳಿದೆ. ಅವರು ಕೇಳಿದ್ದು ಎಂಜಿನಿಯರನ ಅಭಿಪ್ರಾಯ. ನಾನು ಕೊಟ್ಟದ್ದು ಪುರೋಹಿತನ ಆಶೀರ್ವಾದ.

ಇದು ನಿಜ, ಆದರೆ ಪೂರ್ತಿ ನಿಜವಲ್ಲ. ಎರಡು ದಿನ ಮೊದಲು ಮದುವೆ ಊಟದ ಜಾಗ ಬದಲಿಸಿ ಎಂದು ಆ ಮನೆಯವರಿಗೆ ಹೇಳಲು ನನಗೆ ಸಂಕೋಚವಾಯಿತು. ಆಗಷ್ಟೇ ಅವರ ಅಡುಗೆಮನೆಯಲ್ಲಿ ಕೂತು ಸೇಬಿನ ಪೈ ತಿಂದಿದ್ದೆ. ನಾನು ಹೇಳಿದ್ದು ತಪ್ಪಾದರೆ, ಎಲ್ಲಿಂದಲೋ ಬಂದವನು ನಮ್ಮ ಅಜ್ಜನ ಬಾರ್ನಿನಲ್ಲಿ ಹುಳುಕು ತೆಗೆದ ಅನ್ನುತ್ತಾರೆ ಎಂಬ ಅಳುಕೂ ಇತ್ತು. ಅಸ್ತು ದೇವತೆಗಳನ್ನು ನಾನು ಇಪ್ಪತ್ತು ವರ್ಷ ನೆನೆದಿರಲಿಲ್ಲ. ಬೇಕಾದಾಗ ಬಂದರು.

ಏಣಿ ಇಳಿದೆ. ಫಾರಂನಲ್ಲಿ ಕಂಬ ತೊಲೆಗಳ ಸ್ಥಿತಿ ಎಂಬಲ್ಲಿ ಉತ್ತಮ, ಸಾಧಾರಣ, ಶಿಥಿಲ ಎಂದು ಮೂರು ಚೌಕಗಳಿದ್ದವು. ಬಾಯಲ್ಲಿ ಒಂದು ಹೇಳಿ ಕಾಗದದಲ್ಲಿ ಇನ್ನೊಂದು ಬರೆಯುವುದು ಹೇಗೆ? ಉತ್ತಮದ ಚೌಕಕ್ಕೆ ಗುರುತು ಹಾಕಿದೆ. ಹೊರಗೆ ಬಾವಿಕಟ್ಟೆಯ ಫೋಟೋ ತೆಗೆಯುತ್ತಿದ್ದ ಟೀಚರು ಬಂದು, ಫಾರಂ ನೋಡಿ, "ಒಂದಾದರೂ ಗಟ್ಟಿಮುಟ್ಟಾಗಿದೆಯಲ್ಲ," ಎಂದು ಕೆಳಗೆ ತಮ್ಮ ಸಹಿ ಹಾಕಿದರು.

ಶುಕ್ರವಾರ ಮಧ್ಯಾಹ್ನ ಹ್ಯಾರಿಸನ್‌ನಿಂದ ಟೀಚರಿಗೆ ಫೋನ್ ಮಾಡಿದೆ. ಹೇಳಿಬಿಡುವುದೆಂದೇ ಡಯಲ್ ಮಾಡಿದ್ದು. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ನಾನೇ ಮಾಡಬೇಕು ಅಂತಿದ್ದೆ. ನಿಮ್ಮಿಬ್ಬರನ್ನೂ ಊಟಕ್ಕೆ ಕರೆದಿದಾರೆ. ನಿಮ್ಮ ಹೆಂಡತಿ ರೇಷ್ಮೆ ಸೀರೆ ಉಡಬೇಕಂತೆ, ಮದುಮಗಳ ಅಪ್ಪಣೆ. ಹನ್ನೆರಡೂವರೆ ಟ್ರೇನಿಗೆ ಬನ್ನಿ. ಏನೋ ಹೇಳೋಕೆ ಬಂದಿರಲ್ಲ?"

"ಅದೇ, ಎಷ್ಟೊತ್ತಿಗೆ ಬರಬೇಕು ಅಂತ," ಅಂದೆ.

ಶನಿವಾರ ಎರಡು ಗಂಟೆಗೆ ಚರ್ಚಿನಲ್ಲಿ ಮದುವೆ, ನಾಲ್ಕಕ್ಕೆ ಬಾರ್ನಿನಲ್ಲಿ ಊಟ. ದೊಡ್ಡ ಬಾಗಿಲುಗಳನ್ನು ಎರಡು ಕಡೆಯೂ ತೆರೆದಿದ್ದರು. ನಾನು ಒಳಗೆ ಕಾಲಿಟ್ಟವನೇ ಮೇಲೆ ನೋಡಿದೆ. ಮೂರನೆಯ ತೊಲೆಯಿಂದ ನಾಲ್ಕನೆಯದಕ್ಕೆ ಹಲಗೆ ಹಾಸಿತ್ತು. ಪಿಟೀಲು, ಅಕಾರ್ಡಿಯನ್, ಡ್ರಮ್ಮು. ಮೂವರ ಜೊತೆ ಹಾಡಲಿಕ್ಕೆಂದು ಮದುಮಗನ ಸ್ನೇಹಿತರು ನಾಲ್ವರು ಹತ್ತಿದ್ದರು. ಕೆಳಗೆ ಮೇಜುಗಳ ಮೇಲೆ ಹೆಸರು ಬರೆದ ಚೀಟಿಗಳು. ನಮ್ಮ ಚೀಟಿ ನಾಲ್ಕನೆಯ ತೊಲೆಯ ಸರಿಯಾಗಿ ಕೆಳಗಿತ್ತು, ದೂರದಿಂದ ಬಂದವರೆಂದು ಒಳ್ಳೆಯ ಜಾಗವನ್ನೇ ಕೊಟ್ಟಿದ್ದರು.

ಹೆಂಡತಿ ಕೂತಳು. ನಾನೂ ಕೂತೆ. ಡ್ರಮ್ಮಿನವನು ಕಾಲಿನಿಂದ ತಾಳ ಹಾಕತೊಡಗಿದ. ನಿಂಬೆ ಪಾನಕದ ಜಗ್ಗಿನ ಪಕ್ಕ, ಬಿಳಿಯ ಮೇಜುಬಟ್ಟೆಯ ಮೇಲೆ, ಹಳದಿ ಹುಡಿ ಚಿಟಿಕೆಯಷ್ಟು ಬಿತ್ತು. ಕೈಯಿಂದ ಒರೆಸಿದೆ. ಮತ್ತೆ ಬಿತ್ತು.

"ಎದ್ದೇಳು," ಅಂದೆ ಕನ್ನಡದಲ್ಲಿ. "ಬಾಗಿಲ ಹತ್ತಿರ ಹೋಗೋಣ. ಇಲ್ಲಿ ಸೆಖೆ."

"ಸೆಖಿ ಎಲ್ಲೈತ್ರೀ? ನನಗ ಥಂಡಿ ಹತ್ತೇದ."

"ಹೇಳ್ತಿದೀನಲ್ಲ, ಬಾ."

"ಮಂದಿ ಏನಂದಾರು? ಚೀಟಿ ಬರದಿಟ್ಟಾರ."

"ಬಾ ಅಂದ್ನಲ್ಲ."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲ ಹೊರಗಿನ ಹುಲ್ಲಿನ ಮೇಲೆ ಬಂದು ನಿಂತೆವು. ತಿರುಗಿ ನೋಡಿದೆ. ಹಿಂದಿನ ಮೇಜಿನಲ್ಲಿ ಕೂತಿದ್ದ ಟೀಚರು ಖಾಲಿ ಕುರ್ಚಿಯನ್ನು ಕಂಡು, ಪಾನಕದ ಲೋಟ ಹಿಡಿದು ಮುಂದೆ ಬಂದರು. ನನ್ನತ್ತ ನೋಡಿ ಲೋಟ ಎತ್ತಿದರು. "ಹಿಂದೆ ಏನೂ ಕೇಳಿಸ್ತಿರಲಿಲ್ಲ. ಥ್ಯಾಂಕ್ಸ್," ಎಂದು ಕೂಗಿ ಹೇಳಿ, ನನ್ನ ಹೆಂಡತಿಯ ಕುರ್ಚಿಯಲ್ಲಿ ಕೂತರು.

ನನಗೂ ಅವರಿಗೂ ನಡುವೆ ಹನ್ನೆರಡು ಹೆಜ್ಜೆ. ಆ ದೂರವನ್ನು ನಾನು ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ, ಮನೆಯ ಕಾರಿಡಾರಿನಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗಿ ಅರ್ಧ ಆಗುವಷ್ಟು ಹೊತ್ತಿತ್ತು. ಏಳಿ ಎಂದು ಒಂದು ಮಾತು ಸಾಕಾಗಿತ್ತು. ಆದರೆ ಈಗ ಏಳಿ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಗುರುವಾರದಿಂದ ಹೇಳಬೇಕು. ನಾನು ನಿಂತು ಯೋಚಿಸುತ್ತಿದ್ದೆ. ಬೀಳದೆಯೂ ಇರಬಹುದು ಎಂದುಕೊಳ್ಳುತ್ತಿದ್ದೆ.

ತೊಲೆ ಒಮ್ಮೆಗೇ ಬೀಳಲಿಲ್ಲ. ನಾಲಗೆ ಕಂಬದಿಂದ ಕಳಚಿದಾಗ ಹಲ್ಲು ಕಿತ್ತಂಥ ಸಣ್ಣ ಸದ್ದಾಯಿತು. ಒಂದು ತುದಿ ಕೆಳಗೆ ಜಾರಿತು, ಹಲಗೆಗಳು ಜಾರುಬಂಡೆಯಂತೆ ಓರೆಯಾದವು, ಮೇಲಿದ್ದವರು ಕುಳಿತ ಭಂಗಿಯಲ್ಲೇ ಜಾರಿದರು. ಯಾರೂ ಕೂಗಿದ್ದು ನನಗೆ ನೆನಪಿಲ್ಲ. ನೆನಪಿರುವುದು ಅಕಾರ್ಡಿಯನ್. ಅದು ಬಿದ್ದು, ಬಿಚ್ಚಿಕೊಂಡು, ಒಳಗಿದ್ದ ಗಾಳಿ ಮುಗಿಯುವವರೆಗೂ ತನ್ನಷ್ಟಕ್ಕೆ ಒಂದೇ ಸ್ವರ ನುಡಿಯಿತು. ಆಮೇಲೆ ಧೂಳು.

ಒಳಗೆ ಓಡಿದವರಲ್ಲಿ ನಾನೂ ಇದ್ದೆ, ಹಲಗೆ ಎತ್ತಿದೆ. ಅದನ್ನು ನೋಡಿದ ಕೆಲವರು ಆಮೇಲೆ ನನ್ನನ್ನು ಹೊಗಳಿದರು. ಯಾರೂ ಸಾಯಲಿಲ್ಲ. ಅಕಾರ್ಡಿಯನ್ನಿನವನ ಹಿಮ್ಮಡಿ ಮುರಿಯಿತು. ಮದುಮಗಳ ತಂದೆಯ ಹಣೆ ಸೀಳಿತು. ಟೀಚರ ಎಡ ಭುಜವೂ ತೊಡೆಯ ಮೂಳೆಯೂ ಮುರಿದವು. ಅವರನ್ನು ಆಂಬುಲೆನ್ಸಿಗೆ ಹಾಕುವಾಗ ನನ್ನ ಹೆಂಡತಿ ತನ್ನ ಶಾಲು ಹೊದಿಸಿದಳು. ಟೀಚರು ಅವಳ ಕೈ ಹಿಡಿದು, "ನೀನು ಎದ್ದಿದ್ದು ಒಳ್ಳೇದಾಯಿತು," ಅಂದರು.

ಮುಂದಿನ ವಾರ ಕೌಂಟಿಯಿಂದ ಒಬ್ಬ ಅಧಿಕಾರಿ ಬಂದು ನೋಡಿಹೋದ. ತೊಲೆಯ ತುದಿ ಬಿದ್ದ ರಭಸಕ್ಕೆ ಪುಡಿಪುಡಿಯಾಗಿ, ಆ ಗದ್ದಲದಲ್ಲಿ ನೂರು ಜನ ತುಳಿದು, ಕಸದೊಂದಿಗೆ ಗುಡಿಸಿಹೋಗಿತ್ತು. ಉಳಿದದ್ದು ನನ್ನ ಫಾರಂ. ತೊಲೆ ಬೀಳುವ ಎರಡು ದಿನ ಮುಂಚೆ ಒಬ್ಬ ಕ್ವಾಲಿಫೈಡ್ ಎಂಜಿನಿಯರ್ 'ಉತ್ತಮ' ಎಂದು ಬರೆದಿದ್ದಾನೆ. ಹಾಗಾದರೆ ತಪ್ಪು ಭಾರದ್ದು, ಅಷ್ಟು ಜನರನ್ನು ಹತ್ತಿಸಿದವರದ್ದು. ಹಾಗೆಂದೇ ಅವನು ವರದಿ ಕೊಟ್ಟ.

ಅಂದರೆ ಯಜಮಾನರದ್ದು. ವಾದ್ಯದವರನ್ನು ನೆಲದ ಮೇಲೆಯೇ ಕೂರಿಸಿ ಎಂದು ಅವರ ಮಗಳು, ಮದುಮಗಳ ತಾಯಿ, ಮೊದಲೇ ಹೇಳಿದ್ದಳಂತೆ. ಮುದುಕರು ಹಟ ಮಾಡಿದ್ದರು. ತಮ್ಮ ಮದುವೆಯಲ್ಲಿ ವಾದ್ಯದವರು ಮೇಲೆ ಕೂತಿದ್ದರೆಂದು. ಈಗ ಮಗಳು ಅಪ್ಪನ ಮನೆಗೆ ಬರುವುದನ್ನು ಬಿಟ್ಟಳು. ಗಂಡನ ಹಣೆಯ ಹೊಲಿಗೆ ದಿನಾ ಎದುರಿಗಿತ್ತು. ಭಾನುವಾರ ಚರ್ಚಿನಲ್ಲಿ ತಮ್ಮ ನಂಬರಿನ ಬೆಂಚಿನಲ್ಲಿ ಅವಳು, ಗಂಡ ಇಬ್ಬರೇ ಕೂರುತ್ತಿದ್ದರು. ಮುದುಕರು ಚರ್ಚಿಗೆ ಹೋಗುವುದನ್ನೇ ನಿಲ್ಲಿಸಿದರು. ನಾನು ಒಮ್ಮೆ ಕೌಂಟಿ ಆಫೀಸಿನಲ್ಲಿ ಅವರನ್ನು ಕಂಡೆ. ಕಣ್ಣು ತಪ್ಪಿಸಬೇಕೆಂದಿದ್ದೆ, ಅವರೇ ಹತ್ತಿರ ಬಂದರು.

"ನೀವು ಬೇಜಾರು ಮಾಡ್ಕೋಬೇಡಿ. ನಾನು ನಿಮಗೆ ಮೂರು ಜನ ಅಂದಿದ್ದೆ. ಏಳು ಜನ ಹತ್ತಿದಾಗ ಇಳಿಸಬೇಕಿತ್ತು. ತಪ್ಪು ನನ್ನದು, ನಿಮ್ಮ ಹೆಸರು ಯಾಕೆ ಕೆಡಬೇಕು," ಅಂದರು. ಬಾರ್ನನ್ನು ಚಳಿಗಾಲಕ್ಕೆ ಮುಂಚೆ ಬಿಚ್ಚಿಸಿಬಿಡುತ್ತೇನೆ, ಹೊಲವನ್ನೂ ಮಾರುತ್ತೇನೆ, ಯಾರಿಗಾಗಿ ಇಟ್ಟುಕೊಳ್ಳಲಿ ಎಂದೂ ಅಂದರು.

ನಾನು ಆಗಲೂ ಸುಮ್ಮನಿದ್ದೆ. ಇದನ್ನು ಬರೆಯುವಾಗ ಶನಿವಾರದ ಮೌನಕ್ಕಿಂತ ಈ ಮೌನವೇ ಹೆಚ್ಚು ನಾಚಿಕೆ ತರುತ್ತದೆ. ಶನಿವಾರ ಹೆದರಿದ್ದೆ ಎನ್ನಬಹುದು. ಇಲ್ಲಿ ನೆಮ್ಮದಿಯಾಗಿ ಕುರ್ಚಿಯಲ್ಲಿ ಕೂತಿದ್ದೆ.

ನಿದ್ದೆ ಬರುತ್ತಿರಲಿಲ್ಲ. ಬಂದರೂ ಅಕಾರ್ಡಿಯನ್ ಎಬ್ಬಿಸುತ್ತಿತ್ತು. ಎದ್ದಾಗಲೆಲ್ಲ ಹೆಂಡತಿಯೂ ಎಚ್ಚರವಾಗಿರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಆರನೆಯ ವಾರ, ಒಂದು ಬೆಳಿಗ್ಗೆ, ಅವಳು ಅವಲಕ್ಕಿಗೆ ಒಗ್ಗರಣೆ ಹಾಕುತ್ತಾ ತಿರುಗದೆಯೇ ಕೇಳಿದಳು:

"ಆ ದಿನ ನನ್ನ ಎಬ್ಬಿಸಿದ್ದು ಸೆಖಿ ಸಲುವಾಗಿ ಅಲ್ಲ. ಹೌದಿಲ್ರೀ?"

"ಅಲ್ಲ."

"ಗೊತ್ತಿತ್ತು ನಿಮಗ."

"ಗೊತ್ತಿತ್ತು."

"ಮತ್ತ ಅಕ್ಕೋರನ್ನ ಯಾಕ ಅಲ್ಲಿ ಕೂಡಿಸಿದ್ರಿ?" ಟೀಚರನ್ನು ಅವಳು ತನ್ನೂರಿನ ರೀತಿಯಲ್ಲಿ ಅಕ್ಕೋರು ಎನ್ನುತ್ತಿದ್ದಳು.

"ನಾನು ಕೂರಿಸಲಿಲ್ಲ. ಅವರೇ ಬಂದು ಕೂತರು."

"ಎಬ್ಬಿಸಲಿಲ್ಲಲ್ಲ."

ಒಲೆ ಆರಿಸಿ ನನ್ನ ಎದುರು ಬಂದು ಕೂತಳು. ಗುರುವಾರದಿಂದ ಎಲ್ಲವನ್ನೂ ಹೇಳಿದೆ. ಮದುವೆಮನೆಯಲ್ಲಿ ಅಶುಭ ನುಡಿಯಲು ಬಾಯಿ ಬರಲಿಲ್ಲ, ಅಮ್ಮ ಹೇಳುತ್ತಿದ್ದ ಅಸ್ತು ದೇವತೆಗಳು ನೆನಪಾದರು ಎಂದೆ.

"ಅಸ್ತು ದೇವತಿಗೋಳಿಗೆ ಇಂಗ್ಲಿಷ್ ಬರ್ತದೇನ್ರೀ? ಇಂಗ್ಲಿಷಿನ್ಯಾಗ ಹೇಳಬೇಕಿತ್ತು," ಅಂದಳು. ನಗಲಿಲ್ಲ. "ನನಗ ಹೇಳಿದ್ರ ನಾ ಹೇಳ್ತಿದ್ದೆ. ನಾ ಏನು ಪುಣ್ಯಾ ಮಾಡಿದ್ದೆ, ಅಕ್ಕೋರು ಏನು ಪಾಪಾ ಮಾಡಿದ್ರು? ಆ ಕುರ್ಚಿ ನಂದು. ದಿನಾ ನಾ ಅದರಾಗ ಕುಂತೇ ಏಳ್ತೀನಿ."

ಅವತ್ತೇ ಹೊರಟೆವು. ಅವಲಕ್ಕಿ ಬಾಣಲೆಯಲ್ಲೇ ಉಳಿಯಿತು.

ಟೀಚರು ಇನ್ನೂ ಆಸ್ಪತ್ರೆಯಲ್ಲಿದ್ದರು, ಕಾಲನ್ನು ತೂಕ ಕಟ್ಟಿ ಎತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮೊದಲು ತೊಲೆಯ ವಿಷಯ, ಆಮೇಲೆ ಕುರ್ಚಿಯ ವಿಷಯ. ಕುರ್ಚಿಯದನ್ನು ಹೇಳುವಾಗ ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಪಕ್ಕದ ಹಾಸಿಗೆಯವರ ರೇಡಿಯೋ ಹವಾಮಾನ ಹೇಳುತ್ತಿತ್ತು.

"ನಿಮ್ಮ ಕಡೆ ಆ ದಿನ ಅಂಥ ಮಾತು ಆಡಬಾರದು, ಸರಿ," ಅಂದರು ಕೊನೆಗೆ. "ಏಣಿ ಇಳಿದು ಬಂದು ನನ್ನ ಕಿವೀಲಿ ಹೇಳಿದ್ದರೆ ಆಗ್ತಿತ್ತು. ಕೆಟ್ಟ ಸುದ್ದಿ ಹೇಳೋದು ನನಗೆ ಅಭ್ಯಾಸ. ನಲವತ್ತು ವರ್ಷ ಅಪ್ಪಅಮ್ಮಂದಿರಿಗೆ ಅವರ ಮಕ್ಕಳ ವಿಷಯ ಹೇಳಿದೀನಿ."

"ಕ್ಷಮಿಸಿ ಅಂತ ಕೇಳೋಕೂ ನನಗೆ..."

"ಕೇಳಬೇಡಿ. ಕೇಳಿದರೆ ನಾನು ಏನಾದರೂ ಹೇಳಬೇಕಾಗುತ್ತೆ. ಕಾಲಿನ ವಿಷಯ ನಾನು ಯೋಚನೆ ಮಾಡ್ತೀನಿ, ಟೈಮ್ ಹಿಡಿಯುತ್ತೆ. ಆ ಫಾರಂ ಬೇರೆ. ಅದರ ಮೇಲೆ ನನ್ನ ಸಹಿ ಇದೆ. ಕಂಡದ್ದನ್ನ ಬರೆಯೋದು ನಾನು ಏಳು ವರ್ಷದ ಮಕ್ಕಳಿಗೆ ಕಲಿಸಿದ್ದೆ." ಹಾಸಿಗೆಯ ಪಕ್ಕದ ಚೀಲ ತೋರಿಸಿದರು. "ಖಾಲಿ ಫಾರಂ ಅದರಲ್ಲಿವೆ. ಇಲ್ಲೇ ಕೂತು ಬರೆಯಿರಿ."

ಬರೆದೆ. ವೇಳೆ, ತೊಲೆಯ ನಂಬರು, ಸ್ಕ್ರೂಡ್ರೈವರ್ ಎಷ್ಟು ಒಳಗೆ ಹೋಯಿತು, ಯಜಮಾನರು ಏನು ಕೇಳಿದರು, ನಾನು ಏನು ಹೇಳಿದೆ. ಶಿಥಿಲ ಎಂಬ ಚೌಕಕ್ಕೆ ಗುರುತು ಹಾಕಿದೆ. ಟೀಚರು ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ಬಲಗೈಯಲ್ಲಿ ಕಷ್ಟಪಟ್ಟು ಸಹಿ ಮಾಡಿದರು. ಮೂರು ಪ್ರತಿ: ಕೌಂಟಿಗೆ ಒಂದು, ಮುದುಕರಿಗೆ ಒಂದು. "ಮಗಳಿಗೆ ಒಂದು. ಪೋಸ್ಟ್ ಮಾಡಬೇಡಿ, ಕೈಯಲ್ಲಿ ಕೊಡಿ," ಅಂದರು.

ಕೌಂಟಿ ಆಫೀಸಿನವನು ಓದಿ ಹುಬ್ಬೇರಿಸಿ, ಹಳೆಯ ವರದಿಗೆ ಪಿನ್ ಮಾಡಿ, ಇನ್ನು ಸರ್ವೆಗೆ ಬರುವುದು ಬೇಡ ಎಂದ. ಅದನ್ನು ಸಭ್ಯವಾಗಿಯೇ ಹೇಳಿದ. ನಾನು ಜೈಲು, ಡಿಪೋರ್ಟೇಶನ್ ಏನೇನೋ ಕಲ್ಪಿಸಿಕೊಂಡು ಹೆದರಿದ್ದೆ. ಅಷ್ಟೇ ಆಗಿದ್ದು.

ಟ್ಯಾಕ್ಸಿ ಮಾಡಿಕೊಂಡು ಹೊಲಮನೆಗೆ ಹೋದೆವು. ಯಜಮಾನರು ಬಾರ್ನಿನ ಮುಂದೆ ಬಿದ್ದ ಹಲಗೆಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದರು. ಫಾರಂ ಕೊಟ್ಟೆ. ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು.

"ನಾನು ಕೇಳಿದ್ದೆನಲ್ಲ," ಅಂದರು. "ಕೇಳಿದ್ದೆ ನಿಮ್ಮನ್ನ."

"ಹೌದು."

"ಮನೆಗೆ ಹೋಗಿ."

ನಿಮ್ಮ ಮಗಳಿಗೂ ಒಂದು ಪ್ರತಿ ಕೊಡಬೇಕು ಎಂದಾಗ ತಲೆ ಅಲ್ಲಾಡಿಸಿದರು. ಅವಳು ಒಂದು ಸಲ ತೀರ್ಮಾನ ಮಾಡಿದರೆ ಬದಲಿಸುವುದಿಲ್ಲ, ಅವಳ ಅಮ್ಮನ ಹಾಗೆ, ವ್ಯರ್ಥ ಅಂದರು. ನನಗೆ ಒಂದು ಕ್ಷಣ ಹಗುರವಾಯಿತು, ಅವರೇ ಬೇಡವೆಂದರಲ್ಲ ಎಂದು. ಹೆಂಡತಿ ಆಗಲೇ ಟ್ಯಾಕ್ಸಿಯ ಬಾಗಿಲು ತೆರೆದು ನಿಂತಿದ್ದಳು.

ಮಗಳ ಮನೆ ಸಾಮರ್‌ವಿಲ್‌ನಲ್ಲಿ. ಅವಳೇ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತು ಓದಿದಳು. ನನ್ನ ಹೆಂಡತಿಯ ಕಡೆಗೆ ನೋಡಿದಳು, ಮತ್ತೆ ಕಾಗದದ ಕಡೆಗೆ.

"ಚೀಟಿಗಳನ್ನ ಬರೆದಿದ್ದು ನಾನು," ಅಂದಳು. "ನೀವು ಅದೇ ಮೇಜಿನಲ್ಲಿದ್ದಿರಿ. ಇವರಿಗೆ ಏನೂ ಆಗಲಿಲ್ಲ, ಅಲ್ಲವಾ?"

"ಆಗಲಿಲ್ಲ. ನಾನು ಎಬ್ಬಿಸಿಕೊಂಡು ಹೋದೆ. ಅದನ್ನ ಫಾರಂನಲ್ಲಿ ಬರೆಯೋಕೆ ಖಾನೆ ಇರಲಿಲ್ಲ. ಅದಕ್ಕೇ ಬಂದೆ."

ಅವಳು ಕೆನ್ನೆಗೆ ಹೊಡೆದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳು ಬಾಗಿಲಿನ ಚೌಕಟ್ಟಿಗೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತಾ ನಿಂತಳು. "ಆರು ವಾರ ಆಯಿತು ನಾನು ಅಪ್ಪನ ಹತ್ತಿರ ಮಾತಾಡಿ," ಅಂದಳು, ನಮಗಲ್ಲ. ಬಾಗಿಲು ಹಾಕಿಕೊಂಡಳು.

ಆ ರಾತ್ರಿ ನಿದ್ದೆ ಬಂದೀತೆಂದುಕೊಂಡಿದ್ದೆ, ಬರಲಿಲ್ಲ. ಹೇಳಿಬಿಟ್ಟರೆ ಮುಗಿಯಿತು ಎನ್ನುವುದು ಹೇಳದೆ ಇರುವವರ ಊಹೆ. ಮಗಳು ಅಪ್ಪನಲ್ಲಿಗೆ ಹೋದಳೇ ಇಲ್ಲವೇ ಎಂದು ತಿಳಿಯುವ ದಾರಿ ನಮಗಿರಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ. ನಾನು ನೆವಾರ್ಕಿನ ಒಂದು ಗೋದಾಮಿನಲ್ಲಿ ಸಾಮಾನು ಎಣಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಹೆಂಡತಿ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಟೀಚರಿಗೆ ಪುಸ್ತಕ ಓದಿ ಹೇಳಿ ಬರುತ್ತಿದ್ದಳು. ನನ್ನನ್ನು ಅವರು ಕರೆಯಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಫೋನ್ ಬಂತು. ಟೀಚರು ಅದಾಗಲೇ ಮನೆಗೆ ಬಂದಿದ್ದರು, ಅಂದು ಮೊದಲ ಬಾರಿ ಕೋಲು ಊರಿಕೊಂಡು ಚರ್ಚಿಗೆ ಹೋಗಿದ್ದರು. ಹೆಂಡತಿಯನ್ನು ಕೇಳುತ್ತಾರೆಂದು ರಿಸೀವರ್ ಅವಳಿಗೆ ಕೊಡಹೋದೆ. "ಇಲ್ಲ, ನಿಮಗೇ," ಅಂದರು.

"ಇವತ್ತು ಯಜಮಾನರನ್ನ ಮಗಳೇ ಕಾರಿನಲ್ಲಿ ಕರಕೊಂಡು ಬಂದಳು. ಮೂವರೂ ತಮ್ಮ ಬೆಂಚಿನಲ್ಲಿ ಕೂತರು. ಪಾದ್ರಿಗಳು ಬಾಯಿ ತೆಗೆದ ಹತ್ತು ನಿಮಿಷಕ್ಕೆ ಮುದುಕರು ಗೊರಕೆ ಹೊಡೆದರು, ಮಗಳು ಮೊಣಕೈಯಿಂದ ತಿವಿದಳು. ಮೂವತ್ತು ವರ್ಷದಿಂದ ಅಲ್ಲಿ ಹೀಗೇ. ನಿಮಗೆ ತಿಳಿಸಬೇಕು ಅನ್ನಿಸಿತು." ಆಮೇಲೆ, "ಬಾರ್ನನ್ನ ಬಿಚ್ಚಿಸಲ್ವಂತೆ. ಅದು ನಿಮಗೆ ಸಂಬಂಧಪಟ್ಟದ್ದಲ್ಲ, ಆದರೂ," ಎಂದು ಫೋನ್ ಇಟ್ಟರು.

ಹೆಂಡತಿಗೆ ಹೇಳಿದೆ. ಅವಳು "ಹೌದಾ" ಎಂದಷ್ಟೇ ಅಂದು, ಬೇಳೆ ತೊಳೆಯುತ್ತಿದ್ದ ನೀರನ್ನು ಚೆಲ್ಲಿ ಮತ್ತೊಮ್ಮೆ ತೊಳೆದಳು. ರಾತ್ರಿ ಊಟ ಮಾಡಿ ಮಲಗಿದೆವು.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಪಕ್ಕದಲ್ಲಿ ಅವಳು ಬಾಯಿ ಸ್ವಲ್ಪ ತೆರೆದು ಇನ್ನೂ ಮಲಗಿದ್ದಳು. ಗೋದಾಮಿಗೆ ಹೋಗಬೇಕಾದ ವೇಳೆ ಆಗಲೇ ಮೀರಿತ್ತು. ಅವಳನ್ನು ಎಬ್ಬಿಸಲಿಲ್ಲ. ಇಷ್ಟು ಬೇಗ ನಿದ್ದೆ ಬಂದುಬಿಟ್ಟಿತಲ್ಲ ಎಂದು ಕೊಂಚ ನಾಚಿಕೆಯಾಯಿತು, ಟೀಚರಿಗೆ ರಾತ್ರಿ ಇನ್ನೂ ನೋವಿಲ್ಲದೆ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ.